ಗುಟ್ಟು ಸೋರುವುದು ಥೆರಪಿ ಕೋಣೆಯಿಂದಲ್ಲ, ಹೊರಗಿನ ಮೇಜಿನಿಂದ

ಒಂದು ಮೀಟಿಂಗ್ ನಡೀತಿದೆ ಅಂದುಕೊಳ್ಳಿ. ಐದಾರು ಜನ ಮೇಜಿನ ಸುತ್ತ ಕೂತಿದ್ದಾರೆ. ಎಲ್ಲರ ಫೋನೂ ಮೇಜಿನ ಮೇಲೆ ಅಂಗಾತ ಬಿದ್ದಿವೆ. ಒಂದು ಫೋನ್ ಗುರ್ ಅಂದು ಪರದೆ ಬೆಳಗುತ್ತದೆ. ‘ನಿಮ್ಮ ಥೆರಪಿ ಸೆಷನ್ ನಾಳೆ ಸಂಜೆ 4 ಗಂಟೆಗೆ. ಬದಲಾಯಿಸಬೇಕಿದ್ದರೆ ಕರೆ ಮಾಡಿ.’ ಕೆಳಗೆ ಕ್ಲಿನಿಕ್ಕಿನ ಪೂರ್ತಿ ಹೆಸರು. ಫೋನಿನವರು ಕೈ ಚಾಚುವಷ್ಟರಲ್ಲಿ ಪಕ್ಕದವರು ಓದಿ ಮುಗಿಸಿರುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಕೇಳಿದ್ದರೆ ಏನೋ ಒಂದು ಹೇಳಿ ಮುಗಿಸಬಹುದಿತ್ತು.

ಇಲ್ಲಿ ಯಾರೂ ಹ್ಯಾಕ್ ಮಾಡಿಲ್ಲ. ಥೆರಪಿಸ್ಟ್ ಬಾಯಿ ಬಿಟ್ಟಿಲ್ಲ. ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ತನ್ನ ಪಾಡಿಗೆ ತಾನು ಕೆಲಸ ಮಾಡಿದೆ, ಅಷ್ಟೇ. ಆದರೂ ಒಬ್ಬರ ಗುಟ್ಟು ರಟ್ಟಾಯಿತು.

ಮನಶ್ಶಾಸ್ತ್ರಜ್ಞರ ಹತ್ತಿರ ಹೋಗುವವರ ಗೋಪ್ಯತೆ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಮುಚ್ಚಿದ ಬಾಗಿಲು, ಎದುರುಬದುರು ಎರಡು ಕುರ್ಚಿ, ಮೆಲ್ಲಗಿನ ಮಾತು. ಆ ಕೋಣೆಯ ವಿಷಯದಲ್ಲಿ ನನಗೆ ಅಷ್ಟೇನೂ ಚಿಂತೆ ಇಲ್ಲ. ಕೇಳಿದ್ದನ್ನು ಹೊರಗೆ ಹೇಳಬಾರದು ಅನ್ನುವುದು ಈ ವೃತ್ತಿಯ ಮೊದಲ ಪಾಠ. ಬಹುಪಾಲು ಜನ ಅದನ್ನು ಜೀವದಂತೆ ಕಾಯುತ್ತಾರೆ. ನನ್ನ ಚಿಂತೆಯೆಲ್ಲಾ ಬಾಗಿಲಿನ ಈಚೆಯದು. ರಿಸೆಪ್ಷನ್ ಮೇಜು, ಬಿಲ್ಲು, ರಿಮೈಂಡರ್, ವೆಬ್‌ಸೈಟು, ದಾಖಲೆ ಇಡುವ ಸರ್ವರು, ಅಕೌಂಟೆಂಟ್‌ಗೆ ತಿಂಗಳಿಗೊಮ್ಮೆ ಹೋಗುವ ಎಕ್ಸೆಲ್ ಶೀಟು. ಇವುಗಳಿಗೆ ಯಾರೂ ಪ್ರಮಾಣವಚನ ಬೋಧಿಸಿಲ್ಲ.

ಈಚೆ ಬದಿಯಿಂದ ಸೋರಿದರೆ ಎಷ್ಟು ದೊಡ್ಡ ಅನಾಹುತ ಆಗಬಹುದು ಅನ್ನುವುದಕ್ಕೆ ಫಿನ್ಲೆಂಡಿನಲ್ಲಿ ನಡೆದದ್ದನ್ನು ನೋಡಬೇಕು. ವಸ್ತಾಮೊ ಅಂತ ಅಲ್ಲೊಂದು ಖಾಸಗಿ ಸೈಕೋಥೆರಪಿ ಕಂಪನಿ ಇತ್ತು. ದೇಶದ ತುಂಬಾ ಶಾಖೆಗಳು. 2020ರ ಅಕ್ಟೋಬರಿನಲ್ಲಿ ಹೆಸರಿಲ್ಲದ ಯಾರೋ ಒಬ್ಬ ಆ ಕಂಪನಿಯ ಕ್ಲೈಂಟ್‌ಗಳ ಕಡತಗಳನ್ನು ದಿನಕ್ಕೆ ನೂರರ ಹಾಗೆ ಇಂಟರ್‌ನೆಟ್ಟಿಗೆ ಹಾಕತೊಡಗಿದ. ಅವನು ಕಂಪನಿಯಿಂದ ಕೇಳಿದ್ದು 40 ಬಿಟ್‌ಕಾಯಿನ್, ಆಗಿನ ಲೆಕ್ಕದಲ್ಲಿ ಸುಮಾರು 4.5 ಲಕ್ಷ ಯೂರೊ. ಕಂಪನಿ ಕೊಡಲಿಲ್ಲ. ಆಗ ಅವನು ನೇರವಾಗಿ ಕ್ಲೈಂಟ್‌ಗಳಿಗೇ ಈಮೇಲ್ ಕಳಿಸಿದ. 24 ಗಂಟೆಯೊಳಗೆ 200 ಯೂರೊ ಕೊಡಿ, ತಡ ಮಾಡಿದರೆ 500, ಕೊಡದಿದ್ದರೆ ನೀವು ಥೆರಪಿಸ್ಟ್ ಹತ್ತಿರ ಹೇಳಿಕೊಂಡದ್ದೆಲ್ಲಾ ಬಯಲಿಗೆ.

ಸುಮಾರು 33,000 ಜನರ ದಾಖಲೆ ಅವನ ಕೈಯಲ್ಲಿತ್ತು. ಹೆಸರು, ವಿಳಾಸ, ಗುರುತಿನ ಸಂಖ್ಯೆಯ ಜೊತೆಗೆ ಸೆಷನ್ನುಗಳ ಟಿಪ್ಪಣಿ. ಮದುವೆಯ ಒಳಜಗಳ, ಕುಡಿತ, ಬಾಲ್ಯದಲ್ಲಿ ಆದ ದೌರ್ಜನ್ಯ, ಸಾಯಬೇಕು ಅನ್ನಿಸಿದ ರಾತ್ರಿಗಳು. ಇವನ್ನು ಬರೆದಿಟ್ಟಿದ್ದು ಒಳ್ಳೆಯ ಉದ್ದೇಶದಿಂದಲೇ. ಪೊಲೀಸರಿಗೆ 20,000ಕ್ಕೂ ಹೆಚ್ಚು ಜನ ದೂರು ಕೊಟ್ಟರು. 2021ರ ಫೆಬ್ರುವರಿಯಲ್ಲಿ ಕಂಪನಿ ದಿವಾಳಿಯಾಯಿತು. ಆ ವರ್ಷದ ಕೊನೆಗೆ 6,08,000 ಯೂರೊ ದಂಡವೂ ಬಿತ್ತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಕೆಳ ನ್ಯಾಯಾಲಯ ಒಬ್ಬ ಯುವಕನಿಗೆ 6 ವರ್ಷ 3 ತಿಂಗಳ ಶಿಕ್ಷೆ ವಿಧಿಸಿತು.

ಇಷ್ಟೆಲ್ಲಾ ಆಗಲು ಯಾವ ಮಾಯಾಮಂತ್ರ ಬೇಕಾಯಿತು? ಏನೂ ಇಲ್ಲ. ಡೇಟಾಬೇಸ್ ನೇರವಾಗಿ ಇಂಟರ್‌ನೆಟ್ಟಿಗೆ ತೆರೆದುಕೊಂಡಿತ್ತು. ಅದರ ಮುಖ್ಯ ಖಾತೆಗೆ ಪಾಸ್‌ವರ್ಡೇ ಇರಲಿಲ್ಲ. ಕಳ್ಳತನ ನಡೆದದ್ದು 2018ರಲ್ಲಿ. ಜನರಿಗೆ ಗೊತ್ತಾಗಿದ್ದು ಎರಡು ವರ್ಷದ ಮೇಲೆ, ಅದೂ ಕಳ್ಳನೇ ಬಂದು ಹೇಳಿದ ಮೇಲೆ. ಅಲ್ಲಿನ ಥೆರಪಿಸ್ಟುಗಳು ಈ ಸೋರಿಕೆಯಲ್ಲಿ ಏನೂ ತಪ್ಪು ಮಾಡಿರಲಿಲ್ಲ ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ. ಅವರು ಕೋಣೆಯ ಬಾಗಿಲು ಹಾಕಿಕೊಂಡು, ಕೇಳಿ, ಟೈಪ್ ಮಾಡಿ, ಸೇವ್ ಬಟನ್ ಒತ್ತಿದ್ದರು.

ಬ್ಯಾಂಕ್ ಕಾರ್ಡಿನ ನಂಬರ್ ಕದ್ದರೆ ಕಾರ್ಡು ಬ್ಲಾಕ್ ಮಾಡಿಸಬಹುದು. ಪಾಸ್‌ವರ್ಡ್ ಹೋದರೆ ಬೇರೆ ಇಡಬಹುದು. ಬಾಲ್ಯವನ್ನು ಬದಲಾಯಿಸಿ ಹೊಸದು ತಗೊಳ್ಳೋಕೆ ಆಗುತ್ತಾ? ಇನ್ನೊಂದು ಸಂಗತಿ ಸುಲಭಕ್ಕೆ ಹೊಳೆಯುವುದಿಲ್ಲ. ಥೆರಪಿಯ ಕಡತದಲ್ಲಿ ಕ್ಲೈಂಟ್ ಒಬ್ಬರೇ ಇರುವುದಿಲ್ಲ. ಅವರ ಗಂಡ ಅಥವಾ ಹೆಂಡತಿ, ತಾಯಿ, ಆಫೀಸಿನ ಬಾಸ್, ಹಳೆಯ ಗೆಳೆಯ ಎಲ್ಲರೂ ಅದರಲ್ಲಿ ಇರುತ್ತಾರೆ. ಅವರ್ಯಾರೂ ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿದವರಲ್ಲ. ತಮ್ಮ ಹೆಸರು ಅಲ್ಲಿದೆ ಅನ್ನುವುದೂ ಅವರಿಗೆ ಗೊತ್ತಿರುವುದಿಲ್ಲ.

ಹೋಗಿದ್ದೇ ಒಂದು ಸುದ್ದಿ

ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದು ಯಾರಿಗಾದರೂ ಗೊತ್ತಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮನಶ್ಶಾಸ್ತ್ರಜ್ಞರ ವಿಷಯದಲ್ಲಿ ಹಾಗಲ್ಲ. ಒಳಗೆ ಏನು ಮಾತಾಡಿದಿರಿ ಅನ್ನುವುದು ಆಮೇಲಿನ ಪ್ರಶ್ನೆ. ಹೋಗಿದ್ದಿರಿ ಅನ್ನುವುದೇ ಬೇರೆಯವರಿಗೆ ಸುದ್ದಿ.

1972ರಲ್ಲಿ ಅಮೆರಿಕದ ಸೆನೆಟರ್ ಥಾಮಸ್ ಈಗಲ್ಟನ್ ಡೆಮಾಕ್ರಟಿಕ್ ಪಕ್ಷದಿಂದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಅವರು ಹಿಂದೆ ಖಿನ್ನತೆಗೆ ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದಿದ್ದು ಹೊರಬಂತು. ಹೆಸರು ಘೋಷಣೆಯಾದ 18ನೇ ದಿನಕ್ಕೆ ಅವರು ಕಣದಿಂದ ಹಿಂದೆ ಸರಿಯಬೇಕಾಯಿತು. ಡಾಕ್ಟರ ಹತ್ತಿರ ಅವರು ಏನು ಹೇಳಿಕೊಂಡಿದ್ದರು ಅಂತ ಯಾರಿಗೂ ಬೇಕಿರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 1971ರ ಸೆಪ್ಟೆಂಬರಿನಲ್ಲಿ, ಶ್ವೇತಭವನದ ಗುಪ್ತ ತಂಡವೊಂದು ಬೆವರ್ಲಿ ಹಿಲ್ಸ್‌ನ ಮನೋವೈದ್ಯ ಲೂಯಿಸ್ ಫೀಲ್ಡಿಂಗ್ ಅವರ ಕಚೇರಿಗೆ ನುಗ್ಗಿತ್ತು. ವಿಯೆಟ್ನಾಂ ಯುದ್ಧದ ರಹಸ್ಯ ದಾಖಲೆಗಳನ್ನು ಪತ್ರಿಕೆಗಳಿಗೆ ಕೊಟ್ಟ ಡೇನಿಯಲ್ ಎಲ್ಸ್‌ಬರ್ಗ್ ಈ ವೈದ್ಯರ ಹತ್ತಿರ ಹೋಗುತ್ತಿದ್ದರು. ಎಲ್ಸ್‌ಬರ್ಗ್ ಹೆಸರು ಕೆಡಿಸಲು ಏನಾದರೂ ಸಿಗುತ್ತದಾ ಅಂತ ಫೈಲಿನ ಬೀರು ಒಡೆದರು. ಆ ಕಳ್ಳತನ ಬಯಲಾಗಿದ್ದು ಮುಂದೆ ಎಲ್ಸ್‌ಬರ್ಗ್ ಮೇಲಿನ ಮೊಕದ್ದಮೆಯೇ ವಜಾ ಆಗಲು ದೊಡ್ಡ ಕಾರಣವಾಯಿತು. ಬೀಗ ಗಟ್ಟಿಯಿತ್ತೋ ಇಲ್ಲವೋ ಅದು ಬೇರೆ. ಯಾವ ಡಾಕ್ಟರ ಬೀರು ಒಡೀಬೇಕು ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತಲ್ಲ!

ಈಗ ಬೀರು ಒಡೆಯುವ ಕಷ್ಟವೂ ಇಲ್ಲ. 2016ರಲ್ಲಿ ಅಮೆರಿಕದ ಒಬ್ಬ ಮನೋವೈದ್ಯೆಯ ಕಥೆ ವರದಿಯಾಯಿತು. ಅವರ ಕ್ಲೈಂಟ್‌ಗಳಿಗೆ ಫೇಸ್‌ಬುಕ್ಕು ‘ಇವರು ನಿಮಗೆ ಗೊತ್ತಿರಬಹುದು’ ಅಂತ ಒಬ್ಬರನ್ನೊಬ್ಬರು ತೋರಿಸತೊಡಗಿತ್ತು. ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಕ್ಲೈಂಟ್‌ಗೆ ಯಾಕೋ ಬರೀ ವಯಸ್ಸಾದವರನ್ನೇ ಸ್ನೇಹಿತರಾಗಿ ಮಾಡಿಕೊಳ್ಳಿ ಅನ್ನುತ್ತಿತ್ತು. ಆ ವಯಸ್ಸಾದವರಿಗೂ ಇವರಿಗೂ ಇದ್ದ ಸಂಬಂಧ ಒಂದೇ, ಅದೇ ಡಾಕ್ಟರು. ಯಾಕೆ ಹೀಗಾಯಿತು ಅಂತ ಕಂಪನಿ ಬಿಡಿಸಿ ಹೇಳಲಿಲ್ಲ. ಆದರೆ ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನು ಆ್ಯಪ್‌ಗೆ ಓದಲು ಬಿಟ್ಟರೆ, ಯಾರ ಯಾರ ಫೋನಿನಲ್ಲಿ ಒಂದೇ ನಂಬರ್ ಇದೆ ಅಂತ ಲೆಕ್ಕ ಹಾಕುವುದು ಕಂಪ್ಯೂಟರಿಗೆ ಕಷ್ಟವೇನಲ್ಲ. ಆದ್ದರಿಂದ ಕ್ಲಿನಿಕ್ಕಿಗೆ ಬೇರೆ ಫೋನ್ ಇರಬೇಕು, ಆ ಫೋನಿನಲ್ಲಿ ಸಾಮಾಜಿಕ ಜಾಲತಾಣದ ಆ್ಯಪ್ ಇರಬಾರದು. ಇದು ಅತಿ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ.

ಇನ್ನು ಕಾಯುವ ಜಾಗ. ನಾನು ಒಮ್ಮೆ ಇಂಥ ಒಂದು ಕಡೆ ಕೂತಿದ್ದಾಗ ಮೇಜಿನ ಹಿಂದಿದ್ದ ಹುಡುಗಿ ಬಂದವರನ್ನೆಲ್ಲ ಪೂರ್ತಿ ಹೆಸರು ಹಿಡಿದು ಕೂಗುತ್ತಿದ್ದಳು. ‘ಮೊದಲ ಸಲ ಬಂದಿದ್ದೀರಾ? ಏನು ತೊಂದರೆ?’ ಅಂತ ಅಲ್ಲಿಂದಲೇ ಕೇಳುತ್ತಿದ್ದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಮೇಜಿನ ಮೇಲೆ ಒಂದು ರಿಜಿಸ್ಟರ್ ತೆರೆದಿತ್ತು. ಸಹಿ ಹಾಕಲು ಬಗ್ಗಿದರೆ ನನಗಿಂತ ಮೊದಲು ಬಂದ ಹನ್ನೊಂದು ಜನರ ಹೆಸರು, ಫೋನ್ ನಂಬರು, ಯಾವ ಡಾಕ್ಟರು ಅನ್ನುವುದೆಲ್ಲಾ ಸಾಲಾಗಿ ಕಾಣುತ್ತಿತ್ತು. ಅದನ್ನು ಓದಬಾರದು ಅಂತ ನನಗೆ ಗೊತ್ತು. ಆದರೆ ಕಣ್ಣು ಓದಿಬಿಡುತ್ತೆ, ಅಲ್ವಾ?

ಇದಕ್ಕೆ ದುಬಾರಿ ಪರಿಹಾರ ಬೇಕಿಲ್ಲ. ಒಬ್ಬರಿಗೊಂದು ಚೀಟಿ, ಮೊದಲ ಹೆಸರು ಮಾತ್ರ, ಎರಡು ಭೇಟಿಗಳ ನಡುವೆ ಹತ್ತು ನಿಮಿಷದ ಬಿಡುವು. ಹೋಗುವವರೂ ಬರುವವರೂ ಮುಖಾಮುಖಿ ಆಗದಿದ್ದರೆ ಅರ್ಧ ಮುಜುಗರ ತಪ್ಪಿತು. ಕೋಣೆಯ ಬಾಗಿಲ ಹೊರಗೆ ಸಣ್ಣಗೆ ಸದ್ದು ಮಾಡುವ ಒಂದು ಯಂತ್ರ ಇಟ್ಟರೆ ಒಳಗಿನ ಮಾತು ಹೊರಗೆ ಬಿಡಿಸಿ ಕೇಳಿಸುವುದಿಲ್ಲ. ಒಂದು ಫ್ಯಾನೂ ಬಹಳಷ್ಟು ಕೆಲಸ ಮಾಡುತ್ತದೆ.

ಮೊದಲ ಭೇಟಿಯಲ್ಲಿ ತುಂಬಿಸುವ ಫಾರ್ಮಿನಲ್ಲಿ ಫೋನ್ ನಂಬರ್ ಕೇಳುತ್ತಾರೆ. ಅದರ ಪಕ್ಕದಲ್ಲಿ ಇನ್ನೂ ನಾಲ್ಕು ಪ್ರಶ್ನೆ ಇರಬೇಕು. ಈ ನಂಬರಿಗೆ ಯಾವ ಹೊತ್ತಿನಲ್ಲಿ ಕರೆ ಮಾಡಬಹುದು? ಬೇರೆಯವರು ಎತ್ತಿದರೆ ಏನು ಹೇಳಬೇಕು? ಮೆಸೇಜ್ ಕಳಿಸಬಹುದಾ? ಬಿಲ್ಲು ಯಾರ ಹೆಸರಿಗೆ, ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಹೊಡೆತ ತಿನ್ನುತ್ತಿರುವವರ ಫೋನನ್ನು ಹೊಡೆಯುವವರೇ ದಿನಾ ತೆಗೆದು ನೋಡುತ್ತಿರಬಹುದು. ಅವರಿಗೆ ಈ ನಾಲ್ಕು ಪ್ರಶ್ನೆ ಬರೀ ಔಪಚಾರಿಕತೆ ಅಲ್ಲ, ಪ್ರಾಣದ ಮಾತು.

ಬಿಲ್ಲಿನದು ಇನ್ನೊಂದು ಒಳದಾರಿ. ವಿಮೆಯಿಂದ ಹಣ ಬರಬೇಕಿದ್ದರೆ ಕಾಯಿಲೆಯ ಹೆಸರನ್ನೋ ಅದರ ಕೋಡನ್ನೋ ಬರೆಯಬೇಕಾಗುತ್ತದೆ. ವಿಮೆ ಕಂಪನಿಯ ಪತ್ರ ಹೋಗುವುದು ಪಾಲಿಸಿ ಯಾರ ಹೆಸರಲ್ಲಿದೆಯೋ ಅವರಿಗೆ. ಅಪ್ಪನ ಪಾಲಿಸಿಯಲ್ಲಿರುವ ಇಪ್ಪತ್ತೆರಡರ ಮಗಳು ಥೆರಪಿಗೆ ಹೋದರೆ ಸುದ್ದಿ ಮೊದಲು ತಲುಪುವುದು ಅಪ್ಪನಿಗೆ. ಇದನ್ನು ಮೊದಲೇ ಹೇಳಿದ್ದರೆ ಆಕೆ ಕೈಯಿಂದಲೇ ಹಣ ಕೊಡುವ ಆಯ್ಕೆ ಮಾಡಿಕೊಳ್ಳುತ್ತಿದ್ದಳೇನೋ.

ವೆಬ್‌ಸೈಟು ಕೇಳಿಸಿಕೊಳ್ಳುತ್ತಿದೆ

ಇನ್ನೂ ಕ್ಲಿನಿಕ್ಕಿಗೆ ಕಾಲೇ ಇಟ್ಟಿಲ್ಲ. ರಾತ್ರಿ ಹನ್ನೆರಡಕ್ಕೆ ನಿದ್ದೆ ಬಾರದೆ ಒಬ್ಬರು ಥೆರಪಿ ವೆಬ್‌ಸೈಟು ತೆರೆಯುತ್ತಾರೆ. ‘ಹಿಂದೆ ಥೆರಪಿ ತಗೊಂಡಿದ್ದೀರಾ?’ ಅನ್ನುವ ಪ್ರಶ್ನೆಗೆ ‘ಹೌದು’ ಒತ್ತುತ್ತಾರೆ. ಆ ಪುಟದಲ್ಲಿ ಜಾಹೀರಾತು ಕಂಪನಿಯ ಒಂದು ಸಣ್ಣ ಕೋಡ್ ಕೂತಿದ್ದರೆ, ಯಾವ ಪುಟ ತೆರೆದರು, ಯಾವ ಬಟನ್ ಒತ್ತಿದರು ಅನ್ನುವುದು ಆ ಕ್ಷಣವೇ ಆ ಕಂಪನಿಗೆ ಹೋಗಬಲ್ಲದು. ಇದಕ್ಕೆ ಪಿಕ್ಸೆಲ್ ಅನ್ನುತ್ತಾರೆ. ಕಣ್ಣಿಗೆ ಕಾಣದ ಒಂದು ಚುಕ್ಕೆ.

ಇದು ಊಹೆಯ ಮಾತಲ್ಲ. ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಬೆಟರ್‌ಹೆಲ್ಪ್ ತನ್ನ ಗ್ರಾಹಕರ ಈಮೇಲ್, ಐಪಿ ವಿಳಾಸ, ಪ್ರಶ್ನಾವಳಿಗೆ ಕೊಟ್ಟ ಉತ್ತರಗಳ ಮಾಹಿತಿಯನ್ನು ಫೇಸ್‌ಬುಕ್, ಸ್ನ್ಯಾಪ್‌ಚಾಟ್, ಪಿಂಟರೆಸ್ಟ್, ಕ್ರಿಟಿಯೊಗಳ ಜೊತೆ ಜಾಹೀರಾತಿಗಾಗಿ ಹಂಚಿಕೊಂಡಿತು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಮಾಹಿತಿ ಖಾಸಗಿಯಾಗಿ ಇರುತ್ತದೆ ಅಂತ ಮಾತು ಕೊಟ್ಟ ಮೇಲೂ ಹೀಗೆ ಮಾಡಿದ್ದು ಅನ್ನುವುದು ದೂರಿನ ತಿರುಳು. ಕಂಪನಿ ತಪ್ಪು ಒಪ್ಪಿಕೊಳ್ಳದೆ 78 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ವರ್ಷ ಸೆರೆಬ್ರಲ್ ಅನ್ನುವ ಇನ್ನೊಂದು ಕಂಪನಿ, ಇಂಥದ್ದೇ ಪಿಕ್ಸೆಲ್‌ಗಳಿಂದ 31 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಹೊರಹೋಗಿದೆ ಅಂತ ತಾನೇ ತಿಳಿಸಿತು.

ದೊಡ್ಡ ಕಂಪನಿಗಳ ದುರಾಸೆ ಅಂತ ಇದನ್ನು ತಳ್ಳಿಹಾಕಬೇಡಿ. ಒಬ್ಬರೇ ನಡೆಸುವ ಸಣ್ಣ ಕ್ಲಿನಿಕ್ಕಿನ ವೆಬ್‌ಸೈಟಿನಲ್ಲೂ ಅದೇ ಚುಕ್ಕೆ ಇರಬಹುದು. ವೆಬ್‌ಸೈಟು ಮಾಡಿಕೊಟ್ಟ ಹುಡುಗ ‘ಎಷ್ಟು ಜನ ಬರ್ತಾರೆ ಅಂತ ನೋಡೋಕೆ’ ಅಂತ ಸುಮ್ನೆ ಹಾಕಿರುತ್ತಾನೆ. ಯಜಮಾನರಿಗೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ವೆಬ್‌ಸೈಟು ಮಾಡಿದವರನ್ನು ಕರೆದು ‘ಇದರಲ್ಲಿ ಹೊರಗಿನವರ ಕೋಡ್ ಏನೇನಿದೆ, ಪಟ್ಟಿ ಕೊಡಿ’ ಅಂದರೆ ಅರ್ಧ ದಿನದ ಕೆಲಸ.

ಹ್ಯಾಕರೂ ಬೇಡ, ಪಿಕ್ಸೆಲ್ಲೂ ಬೇಡ, ಅವಸರ ಒಂದು ಸಾಕು ಅನ್ನುವುದಕ್ಕೆ ಲಂಡನ್ನಿನ ಉದಾಹರಣೆ ಇದೆ. ಅದು ಮನಶ್ಶಾಸ್ತ್ರದ ಕ್ಲಿನಿಕ್ ಅಲ್ಲ, ಲೈಂಗಿಕ ಆರೋಗ್ಯದ್ದು. 56 ಡೀನ್ ಸ್ಟ್ರೀಟ್ ಅಂತ ಹೆಸರು. 2015ರಲ್ಲಿ ಅಲ್ಲಿಂದ ಎಚ್‌ಐವಿ ಸೇವೆಗೆ ಸೇರಿದ್ದವರಿಗೆ ಒಂದು ಸುದ್ದಿಪತ್ರ ಈಮೇಲ್‌ನಲ್ಲಿ ಹೋಯಿತು. ವಿಳಾಸಗಳನ್ನು ಮರೆಮಾಡುವ ಖಾನೆಯಲ್ಲಿ ಹಾಕುವ ಬದಲು ಎಲ್ಲರಿಗೂ ಕಾಣುವ ಖಾನೆಯಲ್ಲಿ ಹಾಕಿದ್ದರು. 781 ಜನರಿಗೆ ಮಿಕ್ಕ 780 ಜನ ಕಂಡರು. ಅದರಲ್ಲಿ 730 ವಿಳಾಸಗಳಲ್ಲಿ ಪೂರ್ತಿ ಹೆಸರೇ ಇತ್ತು. ಮರುವರ್ಷ 1,80,000 ಪೌಂಡ್ ದಂಡ ಬಿತ್ತು. ಸುದ್ದಿಪತ್ರದಲ್ಲಿ ಯಾವ ಗುಟ್ಟೂ ಇರಲಿಲ್ಲ. ವಿಳಾಸಗಳ ಸಾಲೇ ಗುಟ್ಟು.

ಎಷ್ಟು ಬರೆಯಬೇಕು?

ಇಲ್ಲಿ ಸ್ವಲ್ಪ ನಿಧಾನಿಸೋಣ. ಇಡೀ ವಿಷಯದ ಗಂಟು ಇರುವುದು ಟಿಪ್ಪಣಿಯಲ್ಲಿ ಅಂತ ನನಗನ್ನಿಸುತ್ತದೆ. ಬೀಗ, ಪಾಸ್‌ವರ್ಡ್, ಎನ್‌ಕ್ರಿಪ್ಷನ್ ಎಲ್ಲಾ ಬೇಕು. ಎರಡನೇ ಹಂತದ ಲಾಗಿನ್ ಬೇಕು, ಲ್ಯಾಪ್‌ಟಾಪ್ ಕಳೆದರೂ ಒಳಗಿನದು ತೆರೆಯಬಾರದು, ಕೆಲಸ ಬಿಟ್ಟು ಹೋದವರ ಖಾತೆ ಆ ದಿನವೇ ಮುಚ್ಚಬೇಕು. ಇವನ್ನೆಲ್ಲ ಎಲ್ಲರೂ ಹೇಳುತ್ತಾರೆ, ಸರಿಯಾಗೇ ಹೇಳುತ್ತಾರೆ. ಆದರೆ ಬೀಗದ ಹಿಂದೆ ಏನಿದೆ ಅನ್ನುವುದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ.

ಒಂದು ಸೆಷನ್ನಿಗೆ ಎರಡು ಟಿಪ್ಪಣಿ ನೋಡಿ. ಮೊದಲನೆಯದು ಹೀಗಿದೆ: ‘ಅಕ್ಕನ ಗಂಡ ಆಫೀಸಿನ ದುಡ್ಡು ತಿಂದಿದ್ದು, ಅದನ್ನು ಮುಚ್ಚಲು ಇವರಿಂದ ಸಾಲ ತೆಗೆಸಿದ್ದು, ಅಕ್ಕನಿಗೆ ಇನ್ನೂ ಗೊತ್ತಿಲ್ಲದ್ದು ಎಲ್ಲಾ ಹೇಳಿ ಅತ್ತರು. ಅವರನ್ನು ಕೊಂದುಬಿಡಬೇಕು ಅನ್ನಿಸುತ್ತದೆ ಅಂದರು, ಕೋಪದ ಮಾತು.’ ಎರಡನೆಯದು: ‘ಕುಟುಂಬದ ಹಣದ ವಿಷಯದಲ್ಲಿ ತೀವ್ರ ಒತ್ತಡ, ಕೋಪ. ನಿದ್ದೆ ದಿನಕ್ಕೆ ಮೂರ್ನಾಲ್ಕು ಗಂಟೆ. ತನಗಾಗಲಿ ಬೇರೆಯವರಿಗಾಗಲಿ ಹಾನಿ ಮಾಡುವ ಉದ್ದೇಶ ಇದೆಯಾ ಎಂದು ಕೇಳಿದೆ, ಇಲ್ಲ ಎಂದರು, ಯೋಜನೆಯೂ ಇಲ್ಲ. ಕೋಪ ಬಂದಾಗ ಜಾಗ ಬಿಟ್ಟು ಹೊರಡುವ ಅಭ್ಯಾಸ ಒಪ್ಪಿಕೊಂಡರು. ಮುಂದಿನ ವಾರ ಭೇಟಿ.’

ಎರಡನೆಯದು ಓದಿದ ಇನ್ನೊಬ್ಬ ಥೆರಪಿಸ್ಟ್ ನಾಳೆಯಿಂದಲೇ ಚಿಕಿತ್ಸೆ ಮುಂದುವರಿಸಬಹುದು. ಅಪಾಯವನ್ನು ಕೇಳಿ ನೋಡಿದ್ದಾರೆ ಅನ್ನುವುದೂ ದಾಖಲಾಗಿದೆ. ಕಳ್ಳನ ಕೈಗೆ ಸಿಕ್ಕರೆ ಅದರಲ್ಲಿ ಅಕ್ಕನೂ ಇಲ್ಲ, ಅಕ್ಕನ ಗಂಡನೂ ಇಲ್ಲ. ಮೊದಲನೆಯದು ಸಿಕ್ಕರೆ ಒಂದು ಸಂಸಾರ ಮುರಿಯಬಹುದು, ಒಬ್ಬರು ಜೈಲಿಗೆ ಹೋಗಬಹುದು, ಕ್ಲೈಂಟ್ ಮೇಲೇ ಕೊಲೆ ಬೆದರಿಕೆಯ ಮಾತು ತಿರುಗಬಹುದು.

ಹಾಗಂತ ಏನೂ ಬರೆಯದಿರುವುದು ಜಾಣತನ ಅಲ್ಲ. ನಡುವೆ ಬಿಕ್ಕಟ್ಟು ಬಂದರೆ, ಥೆರಪಿಸ್ಟ್ ಮೇಲೆ ದೂರು ಬಂದರೆ, ಕ್ಲೈಂಟ್ ಬೇರೆ ಕಡೆ ಹೋದರೆ ಖಾಲಿ ಹಾಳೆ ಯಾರನ್ನೂ ಕಾಪಾಡುವುದಿಲ್ಲ. ಆರೋಗ್ಯದ ಮಾಹಿತಿಯ ಗೋಪ್ಯತೆ ಕಾಯುವ ಅಮೆರಿಕದ ಹಿಪಾ ನಿಯಮಗಳು ಇದಕ್ಕೊಂದು ಉಪಾಯ ಮಾಡಿವೆ. ಭೇಟಿಯ ಸಮಯ, ರೋಗನಿರ್ಣಯ, ಔಷಧಿ, ಚಿಕಿತ್ಸೆಯ ಯೋಜನೆ, ಪ್ರಗತಿ ಇವೆಲ್ಲಾ ಸಾಮಾನ್ಯ ಕಡತಕ್ಕೆ. ಮಾತಿನ ಒಳವಿವರ, ಥೆರಪಿಸ್ಟಿನ ಸ್ವಂತ ಆಲೋಚನೆ ಬೇರೆ ಟಿಪ್ಪಣಿಗೆ. ಈ ಎರಡನೆಯದನ್ನು ಬೇರೆಯಾಗಿ ಇಟ್ಟಿದ್ದರೆ ಮಾತ್ರ ಅದಕ್ಕೆ ಹೆಚ್ಚಿನ ರಕ್ಷಣೆ. ಅದನ್ನು ಬೇರೆಯವರಿಗೆ ಕೊಡಲು ಕೆಲವೇ ಸಂದರ್ಭ ಬಿಟ್ಟರೆ ಕ್ಲೈಂಟಿನ ಪ್ರತ್ಯೇಕ ಒಪ್ಪಿಗೆ ಬೇಕು. ಆದರೆ ಎರಡನ್ನೂ ಒಂದೇ ಫೈಲಿನಲ್ಲಿ ಬೆರೆಸಿದರೆ ಆ ರಕ್ಷಣೆ ಹೋಯಿತು.

ಎಷ್ಟು ಕಾಲ ಇಡಬೇಕು ಅನ್ನುವುದಕ್ಕೆ ದೇಶದಿಂದ ದೇಶಕ್ಕೆ ಲೆಕ್ಕ ಬೇರೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ 2007ರ ಮಾರ್ಗಸೂಚಿ, ಬೇರೆ ಕಾನೂನು ಇಲ್ಲದ ಕಡೆ, ವಯಸ್ಕರ ಪೂರ್ತಿ ದಾಖಲೆಯನ್ನು ಕೊನೆಯ ಭೇಟಿಯಿಂದ 7 ವರ್ಷ ಇಡಿ ಅನ್ನುತ್ತದೆ. ಮಕ್ಕಳದ್ದಾದರೆ ಪ್ರಾಪ್ತ ವಯಸ್ಸಾದ ಮೇಲೆ 3 ವರ್ಷ, ಎರಡರಲ್ಲಿ ಯಾವುದು ತಡವೋ ಅದು. ನಾನು ಗಮನಿಸಿದ ಹಾಗೆ ಇಡುವುದರಲ್ಲಿ ಯಾರೂ ತಪ್ಪುವುದಿಲ್ಲ. ಅವಧಿ ಮುಗಿದ ಮೇಲೆ ಅಳಿಸುವುದರಲ್ಲಿ ತಪ್ಪುತ್ತಾರೆ. ‘ಇರಲಿ, ಯಾವತ್ತಾದರೂ ಬೇಕಾದೀತು.’ ಹಳೆಯ ಲ್ಯಾಪ್‌ಟಾಪ್ ಅಟ್ಟ ಸೇರುತ್ತದೆ, ಅದರೊಳಗೆ ಹದಿನೈದು ವರ್ಷದ ಹಿಂದಿನ ಜನರ ದುಃಖವೂ.

ಈಗ ಹೊಸದೊಂದು ಬಂದಿದೆ. ಸೆಷನ್ನಿನ ಮಾತನ್ನು ಕೇಳಿಸಿಕೊಂಡು ತಾನೇ ಟಿಪ್ಪಣಿ ಬರೆದುಕೊಡುವ ಎಐ. ದಿನಕ್ಕೆ ಆರೇಳು ಸೆಷನ್ ಮುಗಿಸಿ ರಾತ್ರಿ ಟಿಪ್ಪಣಿ ಬರೆಯುವವರಿಗೆ ಇದು ವರ ಅನ್ನಿಸುವುದು ಸಹಜ. ನನಗೆ ಮಾತ್ರ ಇದು ಸರಿಬೀಳುವುದಿಲ್ಲ. ಎಷ್ಟು ಕಡಿಮೆ ದಾಖಲಿಸಬೇಕು ಅನ್ನುವುದು ಥೆರಪಿಸ್ಟಿನ ವಿವೇಚನೆ ಅಂತ ಈಗಷ್ಟೇ ಹೇಳಿದೆ. ಈ ಯಂತ್ರ ಮೊದಲು ಎಲ್ಲವನ್ನೂ ದಾಖಲಿಸಿ, ಆಮೇಲೆ ಕಡಿಮೆ ಮಾಡುತ್ತದೆ. ನಡುವಿನ ಆ ‘ಎಲ್ಲ’ ಎಲ್ಲಿ ಹೋಯಿತು? ಧ್ವನಿ ಯಾರ ಸರ್ವರಿನಲ್ಲಿದೆ, ಎಷ್ಟು ದಿನ, ಅದರಿಂದ ಬೇರೆ ಮಾಡೆಲ್‌ಗೆ ತರಬೇತಿ ಕೊಡುತ್ತಾರಾ? ಬರಹದಲ್ಲಿ ಉತ್ತರ ಸಿಗದಿದ್ದರೆ ಆ ಯಂತ್ರ ಕೋಣೆಯೊಳಗೆ ಬರಬಾರದು. ಸಿಕ್ಕಿದರೂ ಕ್ಲೈಂಟ್ ‘ಬೇಡ’ ಅನ್ನಲು ದಾರಿ ಇರಬೇಕು, ಬೇಡ ಅಂದಿದ್ದಕ್ಕೆ ಥೆರಪಿಸ್ಟಿನ ಮುಖ ಸಣ್ಣಗಾಗಬಾರದು.

‘ಹೆಸರು ತೆಗೆದು ಹಾಕ್ತೀವಿ’ ಅನ್ನುವ ಭರವಸೆ ಕೊಡುತ್ತಾರೆ. ಲತಾನ್ಯಾ ಸ್ವೀನಿ ಅನ್ನುವ ಸಂಶೋಧಕಿ 2000ದಲ್ಲಿ ಒಂದು ಲೆಕ್ಕ ತೋರಿಸಿದರು. ಅಂಚೆ ಪಿನ್ ಕೋಡ್, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಈ ಮೂರು ಗೊತ್ತಿದ್ದರೆ ಅಮೆರಿಕದ ಶೇ 87ರಷ್ಟು ಜನರನ್ನು ಒಬ್ಬೊಬ್ಬರನ್ನಾಗಿ ಬೇರೆ ಮಾಡಿ ಗುರುತಿಸಬಹುದು ಅಂತ. ಬರೀ ಮೂರೇ ವಿವರಕ್ಕೆ ಈ ಗತಿ ಆದರೆ, ‘ಅವಳಿ ಮಕ್ಕಳಲ್ಲಿ ಒಂದನ್ನು ಕಳೆದುಕೊಂಡ ಪೈಲಟ್’ ಅಂತ ಬರೆದ ಮೇಲೆ ಹೆಸರು ತೆಗೆದರೆಷ್ಟು ಬಿಟ್ಟರೆಷ್ಟು? ಹಿರಿಯರ ಹತ್ತಿರ ಸಲಹೆಗೆ ಹೋದಾಗ, ತರಗತಿಯಲ್ಲಿ ಉದಾಹರಣೆ ಕೊಡುವಾಗ, ಚಾಟ್‌ಬಾಟ್‌ನಲ್ಲಿ ಟಿಪ್ಪಣಿ ತಿದ್ದಿಸುವಾಗ, ಎಲ್ಲ ಕಡೆಯೂ ಇದೇ ಮಾತು.

ಮಾತು ಮುರಿಯಬೇಕಾದಾಗ

ಗೋಪ್ಯತೆಗೂ ಒಂದು ಗಡಿ ಇದೆ. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ, ತನ್ನನ್ನು ನಿರಾಕರಿಸಿದ ಯುವತಿಯನ್ನು ಕೊಲ್ಲುವುದಾಗಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರ ಹತ್ತಿರ ಹೇಳಿದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನನ್ನು ಹಿಡಿದು, ಸರಿಯಾಗೇ ಇದ್ದಾನೆ ಅಂತ ಬಿಟ್ಟುಬಿಟ್ಟರು. ಆ ಯುವತಿಗಾಗಲಿ ಮನೆಯವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅಕ್ಟೋಬರಿನಲ್ಲಿ ಅವನು ಆಕೆಯನ್ನು ಕೊಂದ. ಟಾರಸಾಫ್ ಪ್ರಕರಣ ಅಂತ ಹೆಸರಾದ ಈ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ, ಅಪಾಯದಲ್ಲಿರುವವರನ್ನು ಕಾಪಾಡಲು ಸರಿಯಾದ ಕ್ರಮ ತಗೊಳ್ಳುವ ಹೊಣೆ ಥೆರಪಿಸ್ಟಿಗೆ ಇದೆ ಅಂದಿತು. ಅದರ ನೆರಳು ಬೇರೆ ದೇಶಗಳ ಚರ್ಚೆಯ ಮೇಲೂ ಬಿತ್ತು. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಅನ್ನುತ್ತದೆ. ಬೇರೆಯವರಿಗೆ ಹಾನಿ ಆಗುವುದನ್ನು ತಡೆಯಲು, ಜೀವಕ್ಕೆ ಅಪಾಯ ಇದ್ದಾಗ, ನ್ಯಾಯಾಲಯದ ಆದೇಶ ಇದ್ದಾಗ ಅಷ್ಟರಮಟ್ಟಿಗೆ ಮಾಹಿತಿ ಕೊಡಬಹುದು ಅಂತಲೂ ಹೇಳುತ್ತದೆ.

ಈ ಗಡಿಯನ್ನು ಯಾವಾಗ ಹೇಳಬೇಕು? ಮೊದಲ ಭೇಟಿಯಲ್ಲಿ, ಬಾಯಿಮಾತಿನಲ್ಲಿ. ಹನ್ನೆರಡು ಪುಟದ ಫಾರ್ಮಿನ ಒಂಬತ್ತನೇ ಪುಟದಲ್ಲಲ್ಲ. ಹದಿಹರೆಯದವರು ಬಂದರೆ ತಂದೆತಾಯಿಯನ್ನೂ ಎದುರಿಗೆ ಕೂರಿಸಿಕೊಂಡು ಏನು ಹೇಳ್ತೀನಿ, ಏನು ಹೇಳಲ್ಲ ಅಂತ ತೀರ್ಮಾನ ಮಾಡಿಕೊಳ್ಳಬೇಕು. ಜೋಡಿಯಾಗಿ ಬಂದವರಲ್ಲಿ ಒಬ್ಬರು ಆಮೇಲೆ ಒಂಟಿಯಾಗಿ ಫೋನ್ ಮಾಡಿ ‘ಇದನ್ನ ಅವರಿಗೆ ಹೇಳಬೇಡಿ’ ಅಂದರೆ ಏನು ಮಾಡುವುದು ಅನ್ನುವುದನ್ನೂ ಆಗಲೇ.

ಕಾನೂನುಗಳು ಒಂದೇ ಥರ ಇಲ್ಲ. ಯುರೋಪಿನ ದತ್ತಾಂಶ ರಕ್ಷಣೆ ಕಾನೂನು ಜಿಡಿಪಿಆರ್ ಆರೋಗ್ಯದ ಮಾಹಿತಿಯನ್ನು ಬೇರೆಯೇ ವಿಶೇಷ ವರ್ಗ ಅನ್ನುತ್ತದೆ. ಸೋರಿಕೆ ಗೊತ್ತಾದರೆ 72 ಗಂಟೆಯೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ಜನರಿಗೆ ಅಪಾಯವೇ ಇಲ್ಲ ಅನ್ನುವಂತಿದ್ದರೆ ಮಾತ್ರ ವಿನಾಯಿತಿ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಅಂಥ ಬೇರೆ ವರ್ಗ ಇಲ್ಲ. ಫೋನ್ ನಂಬರೂ ಥೆರಪಿಯ ಟಿಪ್ಪಣಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕಾಯ್ದೆ ಭೇದ ಮಾಡಲಿಲ್ಲ ಅಂತ ಕ್ಲಿನಿಕ್ ಕೂಡ ಭೇದ ಮಾಡಬಾರದು ಅಂತೇನಿಲ್ಲವಲ್ಲ.

ಸತ್ತ ಮೇಲೆ? ಅಮೆರಿಕದ ಕವಿ ಆನ್ ಸೆಕ್ಸ್‌ಟನ್ 1974ರಲ್ಲಿ ತೀರಿಕೊಂಡರು. ಅವರ ಥೆರಪಿ ಸೆಷನ್ನುಗಳ ಧ್ವನಿಮುದ್ರಣ ಮನೋವೈದ್ಯರ ಹತ್ತಿರ ಉಳಿದಿತ್ತು. ಆ ವೈದ್ಯರು ಅದನ್ನು ಜೀವನಚರಿತ್ರೆ ಬರೆಯುವವರಿಗೆ ಕೊಟ್ಟರು. ಕವಿಯ ಮಗಳು ಒಪ್ಪಿದ್ದರು. 1991ರಲ್ಲಿ ಪುಸ್ತಕ ಬಂದಾಗ ದೊಡ್ಡ ಗದ್ದಲವಾಯಿತು. ತನ್ನ ಬದುಕನ್ನೇ ಕವಿತೆಯಲ್ಲಿ ತೆರೆದಿಟ್ಟವರು, ಬೇಡ ಅನ್ನುತ್ತಿರಲಿಲ್ಲ ಅಂತ ಕೆಲವರು. ಕವಿತೆಯಲ್ಲಿ ಏನು ಹೇಳಬೇಕು ಅಂತ ಆಯ್ದುಕೊಂಡಿದ್ದು ಅವರು, ಟೇಪಿನಲ್ಲಿ ಆಯ್ಕೆ ಎಲ್ಲಿತ್ತು ಅಂತ ಇನ್ನು ಕೆಲವರು. ನಾನು ಎರಡನೆಯವರ ಕಡೆ.

ಕ್ಲೈಂಟ್ ಸತ್ತರೆ ಅನ್ನುವುದನ್ನು ಜನ ಕೇಳುತ್ತಾರೆ. ಥೆರಪಿಸ್ಟೇ ಸತ್ತರೆ ಅನ್ನುವುದನ್ನು ಕೇಳುವವರು ಕಡಿಮೆ. ಒಬ್ಬರೇ ನಡೆಸುವ ಕ್ಲಿನಿಕ್ಕಿನಲ್ಲಿ ಇದು ನಾಳೆ ಬೆಳಿಗ್ಗೆಯೇ ಎದುರಾಗಬಹುದಾದ ತೊಂದರೆ. ಒಂದು ಅಪಘಾತವೋ ಪಾರ್ಶ್ವವಾಯುವೋ ಆಯಿತು ಅನ್ನಿ. ಬೀರುವಿನ ಬೀಗದ ಕೈ, ಫೋನು, ಲ್ಯಾಪ್‌ಟಾಪ್ ಎಲ್ಲಾ ಮನೆಯವರ ಕೈಗೆ ಬರುತ್ತವೆ. ದುಃಖದಲ್ಲಿರುವ ಗಂಡನೋ ಮಗಳೋ ‘ಇವತ್ತು ಯಾರು ಬರಬೇಕಿತ್ತು’ ಅಂತ ನೋಡಲು ಒಂದೊಂದೇ ಫೈಲು ತೆರೆಯುತ್ತಾರೆ. ಅಥವಾ ಯಾರೂ ನೋಡುವುದಿಲ್ಲ. ನಾಲ್ಕು ಗಂಟೆಗೆ ಬಂದವರು ಮುಚ್ಚಿದ ಬಾಗಿಲ ಮುಂದೆ ನಿಂತಿರುತ್ತಾರೆ.

ಇದಕ್ಕೆ ವೃತ್ತಿಯ ಉಯಿಲು ಅಂತ ಒಂದು ಪದ್ಧತಿ ಇದೆ. ಅದೇ ವೃತ್ತಿಯ, ನಂಬಿಕೆಯ ಇನ್ನೊಬ್ಬರ ಹೆಸರು ಬರೆದು, ಅವರ ಒಪ್ಪಿಗೆ ತಗೊಂಡು, ಬೀಗದ ಕೈ ಎಲ್ಲಿದೆ, ಪಾಸ್‌ವರ್ಡ್ ಹೇಗೆ ಸಿಗುತ್ತದೆ, ಯಾವ ಕಡತ ಇಡಬೇಕು, ಯಾವುದು ಅಳಿಸಬೇಕು ಅಂತ ಬರೆದಿಡುವುದು. ಮನೆಯವರಿಗೆ ತಿಳಿದಿರಬೇಕಾದ್ದು ಆ ಒಬ್ಬರ ಫೋನ್ ನಂಬರ್ ಮಾತ್ರ. ಆ ಉಯಿಲಿನ ಜೊತೆಗೆ ಈಗ ಬರುತ್ತಿರುವ ಕ್ಲೈಂಟ್‌ಗಳ ಒಂದು ಪಟ್ಟಿಯೂ ಇರಬೇಕು. ಕಾಯಿಲೆಯ ಹೆಸರು ಬೇಡ, ಟಿಪ್ಪಣಿ ಬೇಡ. ಹೆಸರು, ನಂಬರು, ಅದರ ಪಕ್ಕದಲ್ಲಿ ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಂಡ ಒಂದು ಸಾಲು: ‘ಮಧ್ಯಾಹ್ನ ಎರಡರಿಂದ ಮೂರರ ನಡುವೆ ಮಾತ್ರ ಕರೆ ಮಾಡಿ, ಬೇರೆಯವರು ಎತ್ತಿದರೆ ರಾಂಗ್ ನಂಬರ್ ಅನ್ನಿ.’